ತೆರೆಯ ಮೇಲಿನ ಪ್ರೇತಲೋಕ



ಹೆಣಗಳು ಎದ್ದು ಓಡಾಡುವ ಚಲಚ್ಚಿತ್ರಗಳಿಗೆ ಈಗ ಎಲ್ಲ ಕಡೆಗಳಲ್ಲಿಯೂ ಒಳ್ಳೆಯ ಗಿರಾಕಿಯಿದೆ. ಅಮೆರಿಕದಲ್ಲಿ ತಯಾರಾದವು, ಕೊರಿಯದಲ್ಲಿ ತಯಾರಾದವು, ನೆರೆಯ ತಮಿಳು ತೆಲುಗುಗಳಲ್ಲಿ ತಯಾರಾದವು, ಎಲ್ಲವೂ ಇಂದು ಪುತ್ತೂರು ಸುಳ್ಯಗಳ ಚಾವಡಿಯವರೆಗೆ ಬಂದು ಮುಟ್ಟುತ್ತವೆ. ಚಿತ್ರಮಂದಿರದ ಮೆಟ್ಟಿಲು ಹತ್ತದ ಹುಡುಗರು ಕೂಡ ಅಂಗೈಯಗಲದ ಫೋನಿನಲ್ಲಿ ಅವನ್ನು ನೋಡಿ ಮುಗಿಸಿರುತ್ತಾರೆ. ಇವಕ್ಕೆ 'ಜೊಂಬಿ' ಚಿತ್ರಗಳೆಂದು ಹೆಸರು. ನಾನು ಪಾಠ ಹೇಳುವ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗ ಒಂದು ದಿನ ಎದ್ದು ನಿಂತು, "ಸರ್, ಜೊಂಬಿಗೆ ಕನ್ನಡದಲ್ಲಿ ಎಂಥ ಹೇಳುವುದು?" ಎಂದು ಕೇಳಿದ. ನಾನು ಉತ್ತರ ಹುಡುಕುವುದರೊಳಗೆ ಹಿಂದಿನ ಬೆಂಚಿನವನು, "ನಮ್ಮಲ್ಲಿ ಸುಡುತ್ತಾರಲ್ಲ ಮಾರಾಯ, ಸುಟ್ಟವ ಎದ್ದು ಬರುವುದು ಹೇಗೆ?" ಎಂದ. ತರಗತಿ ನಕ್ಕಿತು. ನಮ್ಮಲ್ಲಿ ಹೂಳುವವರೂ ಬೇಕಾದಷ್ಟು ಮಂದಿ ಇದ್ದಾರೆಂದು ಅವನನ್ನು ತಿದ್ದಿದೆನಾದರೂ, ಆ ಪ್ರಶ್ನೆಯನ್ನು ಮಾತ್ರ ಮನೆಗೆ ಹೊತ್ತುಕೊಂಡು ಹೋಗಬೇಕಾಯಿತು.

ಪದಗಳಿಗೇನೂ ಬಡತನವಿಲ್ಲ. ಪ್ರೇತ, ಪಿಶಾಚಿ, ಬೇತಾಳ, ಮರುಳು, ಮೋಹಿನಿ, ಕೊಳ್ಳಿದೆವ್ವ, ಬ್ರಹ್ಮರಾಕ್ಷಸ, ತುಳುವಿನಲ್ಲಿ ಕುಲೆ. ಆದರೆ ಒಂದೊಂದಕ್ಕೂ ಒಂದೊಂದು ಕಥೆಯುಂಟು, ಒಂದೊಂದು ಸ್ವಭಾವವುಂಟು. ಕಲಿತ ವಿದ್ಯೆಯನ್ನು ಇನ್ನೊಬ್ಬರಿಗೆ ಹೇಳಿಕೊಡದೆ ಸತ್ತವನು ಬ್ರಹ್ಮರಾಕ್ಷಸನಾಗುತ್ತಾನೆ ಎಂದು ಹಿರಿಯರು ಹೇಳುತ್ತಿದ್ದರು. (ಉಪಾಧ್ಯಾಯರ ಕೊಠಡಿಯಲ್ಲಿ ಈ ಮಾತನ್ನು ಎತ್ತಿದರೆ ಯಾರೂ ನಗುವುದಿಲ್ಲ.) ಬೇತಾಳನು ಹೆಣದೊಳಗೆ ಹೊಕ್ಕು ಕುಳಿತರೂ ಕಥೆ ಹೇಳುತ್ತಾನೆ, ಕಥೆಯ ಕೊನೆಗೆ ಧರ್ಮಸೂಕ್ಷ್ಮದ ಒಂದು ಪ್ರಶ್ನೆಯನ್ನು ಇಡುತ್ತಾನೆ. ಜೊಂಬಿ ಮಾತ್ರ ಏನನ್ನೂ ಹೇಳುವುದಿಲ್ಲ, ಏನನ್ನೂ ಕೇಳುವುದಿಲ್ಲ. ಅದಕ್ಕೆ ಹೆಸರಿಲ್ಲ, ಊರಿಲ್ಲ, ಬಳಗವಿಲ್ಲ. ಇರುವುದು ಹಸಿವು ಒಂದೇ. ಆದುದರಿಂದಲೇ ಅದಕ್ಕೆ ನಮ್ಮಲ್ಲಿ ಪದ ಹುಟ್ಟಿರಲಾರದು.

ಈ ಮಾತುಗಳಿಗೆ ನಿಮಿತ್ತವಾದುದು ನಮ್ಮ ನೆಲದ ಹೆಸರು ಹೊತ್ತು ಬಂದ ಒಂದು ಭಾರಿ ವೆಚ್ಚದ ಚಿತ್ರ. 2022ರ ಜುಲೈ 28ರಂದು ತೆರೆಕಂಡ 'ವಿಕ್ರಾಂತ್ ರೋಣ'. ಅದು ಜೊಂಬಿಯ ಚಿತ್ರವಲ್ಲ. ಆದರೂ ಭೀತಿ, ಬಡಿದಾಟ, ಸಾವು ಈ ಮೂರನ್ನೂ ಕಲಸಿ, ದೊಡ್ಡ ಹಣ ಹಾಕಿ, ಮೂರು ಆಯಾಮದ ಕನ್ನಡಕ ತೊಡಿಸಿ ತೋರಿಸಿದ ಕನ್ನಡ ಚಿತ್ರವೆಂದರೆ ಅದೇ ಮೊದಲಿಗೆ ನೆನಪಾಗುತ್ತದೆ. ನಿರ್ದೇಶಕರು ಕರಾವಳಿ ಮೂಲದ ಅನೂಪ್ ಭಂಡಾರಿ, ನಾಯಕ ಸುದೀಪ್, ಸಂಗೀತ ಬಿ. ಅಜನೀಶ್ ಲೋಕನಾಥ್, ಛಾಯಾಗ್ರಹಣ ವಿಲಿಯಂ ಡೇವಿಡ್. ತಯಾರಿಕೆಗೆ ಸುಮಾರು 95 ಕೋಟಿ ರೂಪಾಯಿ ತಗಲಿತೆಂದು ಪತ್ರಿಕೆಗಳು ಬರೆದುವು. ಚಿತ್ರದ ಹೆಸರಿನ ಫಲಕವನ್ನು 2021ರಲ್ಲಿ ದುಬಾಯಿಯ ಬುರ್ಜ್ ಖಲೀಫಾ ಗೋಪುರದ ಮೇಲೆ ಬೆಳಕಿನಲ್ಲಿ ಬರೆಯಿಸಿದ್ದರು. ಇಷ್ಟು ಸಂಭ್ರಮದ ಚಿತ್ರದ ಕಥೆ ನಡೆಯುವುದೆಲ್ಲಿ? ತುಳುನಾಡಿನ ಕಾಡಿನ ನಡುವೆ, ಕಮರೊಟ್ಟು ಎಂಬ ಕಾಲ್ಪನಿಕ ಹಳ್ಳಿಯಲ್ಲಿ. ಅದೇ ನಿರ್ದೇಶಕರ 2015ರ 'ರಂಗಿತರಂಗ' ನೋಡಿದವರಿಗೆ ಕಮರೊಟ್ಟು ಹೊಸದಲ್ಲ.

ಬಿಡುಗಡೆಯ ಆ ದಿನಕ್ಕೆ ಒಂದು ವಿಶೇಷವಿತ್ತು. ಅಂದು ಆಟಿ ಅಮಾವಾಸ್ಯೆ. ನಮ್ಮ ಮೂರು ತಾಲೂಕುಗಳ ಮನೆಗಳಲ್ಲಿ ಬೆಳಕು ಹರಿಯುವ ಮೊದಲೇ ಪಾಲೆಮರದ ಕೆತ್ತೆ ತಂದು, ಕಷಾಯ ಮಾಡಿ ಕುಡಿದು, ಬಾಯಿಯ ಕಹಿ ಹೋಗುವುದಕ್ಕೆ ಮೆಂತೆಯ ಗಂಜಿಯನ್ನು ಉಂಡ ದಿನ ಅದು. ಹೊರಗೆ ಮಳೆ, ತೋಟದಲ್ಲಿ ಕೊಳೆರೋಗದ ಹೆದರಿಕೆ, ಅಡಿಕೆ ಒಣಗಿಸಲು ಬಿಸಿಲಿಲ್ಲ. ತೀರಿಹೋದ ಹಿರಿಯರಿಗೆ ಎಲೆ ಹಾಕಿ ಬಡಿಸುವ ತಿಂಗಳೂ ಅದೇ. ಕುಲೆಗಳಿಗೆ ಬಡಿಸಿ, ಬಾಗಿಲು ಎಳೆದು, ಮನೆಯವರೆಲ್ಲ ಹೊರಗೆ ಸ್ವಲ್ಪ ಹೊತ್ತು ಸುಮ್ಮನೆ ಕಾಯುತ್ತಾರೆ. ಅವರು ಉಣ್ಣಲಿ ಎಂದು. ನಿರ್ಮಾಪಕರು ಪಂಚಾಂಗ ನೋಡಿ ದಿನ ಗೊತ್ತುಮಾಡಿದರೆಂದು ನಾನು ಹೇಳುವುದಿಲ್ಲ. ಆದರೆ ಪ್ರೇತದ ಕಥೆಗೆ ಇದಕ್ಕಿಂತ ತಕ್ಕ ದಿನ ಸಿಕ್ಕಲಾರದು.

ಚಿತ್ರದ ಬಲವನ್ನು ಮೊದಲು ಹೇಳೋಣ. ಅದರ ದೊಡ್ಡ ಬಲ ಕತ್ತಲೆ. ಕಥೆಯ ಬಹುಭಾಗ ರಾತ್ರಿಯಲ್ಲಿ, ಮಳೆಯಲ್ಲಿ, ಮಂಜಿನಲ್ಲಿ ನಡೆಯುತ್ತದೆ. ಲಾಟೀನಿನ ಬೆಳಕು ಬೀಳುವಷ್ಟೇ ಲೋಕ. ಅದರಾಚೆಗೆ ಏನಿದೆಯೋ ತಿಳಿಯದು. ಘಟ್ಟದ ಬುಡದಲ್ಲಿ, ಬಿಳಿನೆಲೆ ಕಡೆಯಲ್ಲೋ ಸಂಪಾಜೆಯ ಕಡೆಯಲ್ಲೋ ಹುಟ್ಟಿ ಬೆಳೆದವನಿಗೆ ಈ ಕತ್ತಲೆಯ ಪರಿಚಯ ಬೇರೆ ಮಾಡಿಕೊಡಬೇಕಾಗಿಲ್ಲ. ವಿದ್ಯುತ್ತು ಬರುವುದಕ್ಕೆ ಮುಂಚೆ, ಬಂದಮೇಲೆ ಆಟಿಯ ಗಾಳಿಗೆ ಅದು ಹೋದಾಗಲೆಲ್ಲ, ನಾವು ಕಂಡ ಕತ್ತಲೆಯೇ ಅದು. ಇದನ್ನೆಲ್ಲ ಅವರು ಹೈದರಾಬಾದಿನ ಅನ್ನಪೂರ್ಣಾ ಸ್ಟುಡಿಯೋದಲ್ಲಿ ಕಾಡಿನ ಸೆಟ್ ಎಬ್ಬಿಸಿ ಸಾಧಿಸಿದರೆಂಬುದು ಆಶ್ಚರ್ಯ. ಚಿತ್ರೀಕರಣ 2020ರ ಮಾರ್ಚಿನಲ್ಲಿ ಆರಂಭವಾಗಿ, ದೇಶವೆಲ್ಲ ಬಾಗಿಲು ಹಾಕಿಕೊಂಡಾಗ ನಿಂತು, ಮಹಾಮಾರಿಯ ನಡುವೆಯೇ ಮತ್ತೆ ಮುಂದುವರಿಯಿತು. ಹೊರಗೆ ಹೋಗಿ ಕಾಡು ಹುಡುಕುವಂತಿರದ ಕಾಲ. ಒಳಗೇ ಕಾಡು ಬೆಳೆಸಿದರು. ಕುಶಲ ಕೆಲಸಗಾರರ ಆ ದುಡಿಮೆಯನ್ನು ಹೊಗಳದೆ ಇರಲಾಗದು.

ಆದರೆ ಆ ಕಾಡಿಗೆ ಒಂದು ಕೊರತೆಯಿದೆ. ಅದರಲ್ಲಿ ಯಾರ ಬದುಕೂ ಇಲ್ಲ. ಅಡಿಕೆಯ ತೋಟವಿಲ್ಲದ, ಸೊಪ್ಪಿನ ಹೊರೆ ಹೊತ್ತು ಹೋಗುವ ಹೆಂಗಸಿಲ್ಲದ, ಕಾಲಿಗೆ ಉಂಬುಳ ಕಚ್ಚದ ಕಾಡು ಹೆದರಿಸುವುದಕ್ಕಾಗಿಯೇ ಮಾಡಿದ ಕಾಡಾಗುತ್ತದೆ. ನಮ್ಮಲ್ಲಿ ಕಾಡಿನ ಭಯ ಹುಟ್ಟುವುದು ಹಗಲಿನ ಪರಿಚಯದಿಂದ. ಬೆಳಿಗ್ಗೆ ದನ ಅಟ್ಟಿಕೊಂಡು ಹೋದ ಅದೇ ದಾರಿ ರಾತ್ರಿ ಬೇರೆಯಾಗಿ ಕಾಣುತ್ತದೆಯಲ್ಲ, ಅದು ಭಯ. ಹಗಲೇ ಕಾಣದ ಊರಿನಲ್ಲಿ ರಾತ್ರಿಗೇನು ಬೆಲೆ? ಕಪ್ಪು ಕನ್ನಡಕವೂ ಇಲ್ಲಿ ತೊಂದರೆ ಕೊಟ್ಟಿತು. ಮೂರು ಆಯಾಮದ ಕನ್ನಡಕ ತೆರೆಯ ಬೆಳಕಿನ ಅರ್ಧಕ್ಕೂ ಹೆಚ್ಚು ಪಾಲನ್ನು ನುಂಗಿಬಿಡುತ್ತದೆ. ಮೊದಲೇ ಕತ್ತಲೆಯ ಚಿತ್ರ. ಅದರ ಮೇಲೆ ಈ ಕನ್ನಡಕ. ನನ್ನ ಪಕ್ಕದ ಮುದುಕರೊಬ್ಬರು ಅದನ್ನು ತೆಗೆದು ಜೇಬಿಗೆ ಹಾಕಿಕೊಂಡು, ಎರಡೆರಡಾಗಿ ಕಾಣುವ ಸುದೀಪರನ್ನೇ ತೃಪ್ತಿಯಿಂದ ನೋಡಿದರು.

ಭಯವನ್ನು ಹುಟ್ಟಿಸುವ ವಿದ್ಯೆ ನಮಗೆ ಹೊಸದಲ್ಲ. 'ದೇವಿಮಹಾತ್ಮೆ'ಯ ಆಟದಲ್ಲಿ ಮಹಿಷಾಸುರನ ಪ್ರವೇಶವನ್ನು ನೆನೆದುಕೊಳ್ಳಿ. ನಡುರಾತ್ರಿ ಕಳೆದು ಅರ್ಧ ಸಭೆ ತೂಕಡಿಸುತ್ತಿರುತ್ತದೆ. ಎಲ್ಲೋ ದೂರದಲ್ಲಿ, ಗದ್ದೆಯ ಆಚೆಯಲ್ಲಿ, ಒಂದು ಅಬ್ಬರ ಕೇಳಿಸುತ್ತದೆ. ಮಕ್ಕಳು ಎದ್ದು ತಾಯಿಯ ಸೆರಗು ಹಿಡಿಯುತ್ತಾರೆ. ಮತ್ತೆ ಸ್ವಲ್ಪ ಹೊತ್ತು ಏನೂ ಇಲ್ಲ. ಅನಂತರ ದೀವಟಿಗೆಗಳ ನಡುವೆ, ರಾಳದ ಉರಿ ಏಳುತ್ತಿರುವಂತೆ, ಕೊಂಬುಗಳು ಮಾತ್ರ ಕಾಣಿಸುತ್ತವೆ. ಆಮೇಲೆ ಜನರ ನಡುವಿನಿಂದಲೇ, ನಮ್ಮ ಮೈಗೆ ಮೈ ತಾಗುವಷ್ಟು ಹತ್ತಿರದಲ್ಲಿ, ಅವನು ಹಾದುಹೋಗುತ್ತಾನೆ. ಇದಕ್ಕಿಂತ ಮೂರು ಆಯಾಮ ಬೇಕೆ? ಅಕ್ಕಿಹಿಟ್ಟು ಸುಣ್ಣ ಕಲಸಿ ಚುಕ್ಕಿ ಚುಕ್ಕಿಯಾಗಿ ಮುಖಕ್ಕೆ ಚಿಟ್ಟಿ ಇಡುವುದಕ್ಕೆ ಗಂಟೆಗಟ್ಟಲೆ ಹಿಡಿದ ಆ ವೇಷವನ್ನು ತೋರಿಸುವುದಕ್ಕೂ ಅಷ್ಟೇ ತಾಳ್ಮೆ ಬೇಕೆಂದು ಭಾಗವತರಿಗೆ ಗೊತ್ತು. 'ವಿಕ್ರಾಂತ್ ರೋಣ'ದ ಮೊದಲ ಭಾಗದಲ್ಲಿ ಈ ತಾಳ್ಮೆ ಅಲ್ಲಲ್ಲಿ ಇದೆ. ಆದರೆ ಅದನ್ನು ಖರ್ಚು ಮಾಡಿದ್ದು ಭೂತಕ್ಕಾಗಿ ಅಲ್ಲ, ನಾಯಕನಿಗಾಗಿ. ನಾಯಕನು ಬರುವ ದೋಣಿ, ನಾಯಕನ ಚುಟ್ಟ, ನಾಯಕನ ಕಣ್ಣು. ಇಷ್ಟು ಬೆಳಕು ಅವನ ಮೇಲೆ ಬಿದ್ದಮೇಲೆ ಭೂತಕ್ಕೆ ನಿಲ್ಲುವುದಕ್ಕೆ ಜಾಗವೆಲ್ಲಿ? ನಾಯಕನು ಯಾವುದಕ್ಕೂ ಹೆದರನೆಂದು ಹತ್ತು ನಿಮಿಷದಲ್ಲಿ ತಿಳಿದರೆ, ಉಳಿದ ಎರಡು ಗಂಟೆ ನಾವು ಹೆದರುವುದು ಹೇಗೆ?

ಹಾಡುಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 'ರಾ ರಾ ರಕ್ಕಮ್ಮ' ಎಂಬ ಕುಣಿತ ದೇಶವೆಲ್ಲ ಕುಣಿಯಿತು, ಮದುವೆಯ ಹಾಲುಗಳಲ್ಲಿ ಇಂದಿಗೂ ಕುಣಿಯುತ್ತಿದೆ. ಕಥೆಗೂ ಅದಕ್ಕೂ ಸಂಬಂಧ ತೆಳ್ಳಗೆ. ಅದೇ ಚಿತ್ರದ ಲಾಲಿಹಾಡು, ತಂದೆ ಮಗಳಿಗೆ ಹಾಡುವಂಥದು, ಬಹಳ ಹಿತವಾಗಿದೆ. ವಿಜಯ ಪ್ರಕಾಶರ ಕಂಠ. ರೇಡಿಯೋದಲ್ಲಿ ಬಂದರೆ ಕಣ್ಣು ಮುಚ್ಚಿ ಕೇಳಿ.

ಈಗ ಚಿತ್ರದ ಒಳಗಿನ ಮಾತಿಗೆ ಬರೋಣ. ಕಮರೊಟ್ಟಿನಲ್ಲಿ ಒಬ್ಬ ಪೋಲೀಸ್ ಅಧಿಕಾರಿ ಕೊಲೆಯಾಗಿದ್ದಾನೆ. ಅವನ ಜಾಗಕ್ಕೆ ವಿಕ್ರಾಂತ್ ರೋಣ ಬರುತ್ತಾನೆ. ಊರಿನ ಮಕ್ಕಳು ಒಬ್ಬೊಬ್ಬರಾಗಿ ಸಾಯುತ್ತಿದ್ದಾರೆ. ಯಾರೂ ಹೋಗದ ಒಂದು ಹಳೆಯ ಮನೆಯಿದೆ. ಎಲ್ಲವೂ ಪ್ರೇತಬಾಧೆಯೆಂದು ಜನರ ಮಾತು. ಮುಂದಿನದನ್ನು ಪೂರ್ತಿ ಹೇಳಿ, ಇನ್ನೂ ನೋಡದವರ ಸುಖವನ್ನು ನಾನು ಕೆಡಿಸುವುದಿಲ್ಲ. ದೆವ್ವದ ಹಿಂದೆ ಮನುಷ್ಯನಿದ್ದಾನೆ, ಆ ಮನುಷ್ಯನ ಹಿಂದೆ ಊರು ಎಂದೋ ಮಾಡಿದ ಒಂದು ಅನ್ಯಾಯವಿದೆ ಎಂಬಷ್ಟನ್ನು ಹೇಳಿದರೆ ಸಾಕು.

ಇದು ಒಳ್ಳೆಯ ಕಥೆಯ ಬೀಜ. ಒಳ್ಳೆಯದೇಕೆಂದರೆ, ತುಳುನಾಡಿನ ಸತ್ತವರ ಕಥೆಗಳೆಲ್ಲ ಮೊಳೆತಿರುವುದು ಇಂಥ ಬೀಜದಿಂದಲೇ. ಕಾರ್ಕಳದಲ್ಲಿ ಗೊಮ್ಮಟನನ್ನು ಕಡೆದ ಕಲ್ಕುಡನ ಕೈಕಾಲನ್ನು ಅರಸನು ಕಡಿಸಿದನೆಂದು ಪಾಡ್ದನ ಹೇಳುತ್ತದೆ. ಆ ಕಲ್ಕುಡ, ಅವನ ತಂಗಿ ಕಲ್ಲುರ್ಟಿ, ಇಬ್ಬರೂ ದೈವಗಳಾಗಿ ಅರಸನನ್ನು ಕಾಡಿದರು. ಪಡುಮಲೆಯ ಬಲ್ಲಾಳನ ಮಾತು ತಪ್ಪಿದ್ದರಿಂದ ಊರು ಬಿಟ್ಟ ಕೋಟಿ ಚೆನ್ನಯರು ಪಂಜ, ಎಣ್ಮೂರುಗಳ ದಾರಿ ಹಿಡಿದು, ಯುದ್ಧದಲ್ಲಿ ಮಡಿದು, ಗರಡಿಗಳಲ್ಲಿ ನೆಲೆಯಾದರು. ಪಡುಮಲೆ ನಮ್ಮ ಪುತ್ತೂರು ತಾಲೂಕಿನದೇ. ಅನ್ಯಾಯವಾಗಿ ಸತ್ತವರು ನಮ್ಮಲ್ಲಿ ಎದ್ದು ಬರುತ್ತಾರೆ, ನಿಜ. ಆದರೆ ಬರುವುದು ಕಚ್ಚಿ ತಿನ್ನುವುದಕ್ಕಲ್ಲ, ಕೇಳುವುದಕ್ಕೆ. "ನನಗೆ ಹೀಗೆ ಮಾಡಿದಿರಲ್ಲ, ಇದಕ್ಕೆ ಏನು ಹೇಳುತ್ತೀರಿ?" ಎಂಬುದು ಅವರ ಪ್ರಶ್ನೆ. ಊರು ಕೈಮುಗಿದು ನಿಂತು ಉತ್ತರ ಕೊಡಬೇಕು. ಕೋಲದ ರಾತ್ರಿ ಗುತ್ತಿನ ಯಜಮಾನನೂ ಆ ಗಗ್ಗರದ ಸದ್ದಿನ ಮುಂದೆ ತಲೆತಗ್ಗಿಸುತ್ತಾನೆ.

'ವಿಕ್ರಾಂತ್ ರೋಣ' ಈ ಬೀಜವನ್ನು ಕೈಯಲ್ಲಿ ಹಿಡಿದುಕೊಂಡು ಬಿತ್ತದೆ ಹೋಯಿತೆಂದು ನನ್ನ ಆಕ್ಷೇಪ. ಅನ್ಯಾಯದ ಕಥೆಯನ್ನು ಕೊನೆಗೆ ಗಡಿಬಿಡಿಯಲ್ಲಿ ಹೇಳಿಬಿಡುತ್ತಾರೆ, ಗುಟ್ಟು ಬಯಲುಮಾಡುವುದಕ್ಕೆ ಬೇಕಾದಷ್ಟು ಮಾತ್ರ. ಕೂಡಲೇ ಬಡಿದಾಟ ಆರಂಭವಾಗುತ್ತದೆ. ಊರು ಉತ್ತರ ಕೊಡುವ ಹೊತ್ತಿಗೆ ನಾಯಕನು ಉತ್ತರ ಕೊಟ್ಟಾಗಿರುತ್ತದೆ, ಮುಷ್ಟಿಯಿಂದ. ಇದಕ್ಕಿಂತ ಹೆಚ್ಚು ನೋವಾಗುವುದು ಸತ್ತ ಮಕ್ಕಳ ವಿಷಯದಲ್ಲಿ. ಅಷ್ಟು ಮಕ್ಕಳು ಸತ್ತ ಊರಿನಲ್ಲಿ ಒಬ್ಬ ತಾಯಿಯ ಅಳು ನಮ್ಮ ಕಿವಿಯಲ್ಲಿ ಉಳಿಯುವುದಿಲ್ಲ. ಒಂದು ಮಗುವಿನ ಹೆಸರು ಮನೆಗೆ ಬರುವವರೆಗೆ ನೆನಪಿರುವುದಿಲ್ಲ. ಅವರು ಎಣಿಕೆಯಾಗಿ ಉಳಿಯುತ್ತಾರೆ. ನಾಯಕನ ಮನೆಯ ದುಃಖವೊಂದನ್ನು ಮಾತ್ರ ಚಿತ್ರ ಪ್ರೀತಿಯಿಂದ ಕಂಡಿದೆ. ಆ ತಂದೆ ಮಗಳ ಸಂಗತಿ ಕೊನೆಗೆ ತೆರೆದುಕೊಂಡಾಗ ನಿಜವಾಗಿಯೂ ಕಣ್ಣು ತೇವವಾಗುತ್ತದೆ. ಆ ಒಂದು ಎಳೆಯನ್ನು ಹಿಡಿದು ಇಡೀ ಚಿತ್ರವನ್ನು ನೇಯ್ದಿದ್ದರೆ ಬುರ್ಜ್ ಖಲೀಫಾದ ದೀಪ ಬೇಕಾಗುತ್ತಿರಲಿಲ್ಲ.

ಇಲ್ಲಿಗೆ ಜೊಂಬಿಯ ಮಾತು ಮತ್ತೆ ಬರುತ್ತದೆ. ಆ ಕಲ್ಪನೆ ಹುಟ್ಟಿದ್ದು ಕೆರಿಬಿಯನ್ ಸಮುದ್ರದ ಹೈತಿ ಎಂಬ ನಾಡಿನಲ್ಲಿ. ಫ್ರೆಂಚರ ಕಬ್ಬಿನ ತೋಟಗಳಲ್ಲಿ ಆಫ್ರಿಕದ ಗುಲಾಮರು ಸಾಯುವವರೆಗೆ ದುಡಿಯುತ್ತಿದ್ದರು. ಸತ್ತಮೇಲಾದರೂ ಬಿಡುಗಡೆಯುಂಟೆಂಬುದು ಅವರ ಒಂದೇ ಆಸೆ. ಸತ್ತವನನ್ನೂ ಮಾಂತ್ರಿಕನು ಎಬ್ಬಿಸಿ ದುಡಿಸಬಲ್ಲನು ಎಂಬುದು ಅವರ ಅತಿ ದೊಡ್ಡ ಭಯ. ಆದುದರಿಂದ ಮೊದಲಿನ ಜೊಂಬಿ ಯಾರನ್ನೂ ತಿನ್ನುವ ಪ್ರಾಣಿಯಲ್ಲ. ಬಿಡುಗಡೆ ಕಾಣದ ಒಬ್ಬ ಕೂಲಿ. 1932ರ 'ವೈಟ್ ಜೊಂಬಿ' ಎಂಬ ಅಮೆರಿಕದ ಚಿತ್ರದಲ್ಲಿ ಸಕ್ಕರೆಯ ಗಿರಣಿಯ ಗಾಣವನ್ನು ಅವರೇ ತಿರುಗಿಸುತ್ತಾರೆ. 1968ರಲ್ಲಿ ಜಾರ್ಜ್ ರೊಮೆರೊ ಎಂಬವನು ಒಂದು ಲಕ್ಷ ಡಾಲರಿಗಿಂತ ಸ್ವಲ್ಪವೇ ಹೆಚ್ಚು ಖರ್ಚಿನಲ್ಲಿ 'ನೈಟ್ ಆಫ್ ದಿ ಲಿವಿಂಗ್ ಡೆಡ್' ಎಂಬ ಕಪ್ಪು ಬಿಳುಪಿನ ಚಿತ್ರ ಮಾಡಿದ. ಅದರಲ್ಲಿ ಆ ಪದವೇ ಬರುವುದಿಲ್ಲ. ಆದರೆ ನರಮಾಂಸ ತಿನ್ನುವ, ಗುಂಪುಗೂಡಿ ಬರುವ ಇಂದಿನ ಜೊಂಬಿ ಹುಟ್ಟಿದ್ದು ಅಲ್ಲಿ. ತೋಟದ ಕೂಲಿಯ ಸಂಕಟ ಅಲ್ಲಿಗೆ ಮರೆತುಹೋಯಿತು.

ಅನಂತರ ಹಣ ಬಂತು. 2013ರಲ್ಲಿ ಬ್ರ್ಯಾಡ್ ಪಿಟ್ ನಟಿಸಿದ 'ವರ್ಲ್ಡ್ ವಾರ್ ಝಡ್' ಎಂಬುದಕ್ಕೆ ಸುಮಾರು 19 ಕೋಟಿ ಡಾಲರು ಹಿಡಿಯಿತೆಂದು ವರದಿ. ಜೆರುಸಲೇಮಿನ ಎತ್ತರದ ಗೋಡೆಯನ್ನು ಸಾವಿರಾರು ಹೆಣಗಳು ಒಂದರ ಮೇಲೊಂದು ಬಿದ್ದು, ಇರುವೆಯ ಸಾಲಿನಂತೆ ಹತ್ತುವ ನೋಟ ಅದರಲ್ಲಿದೆ. ಅದು ಮಹತ್ತಾದ ನೋಟವೇ. ಹಣ ಇಲ್ಲದವನು ಅದನ್ನು ತೋರಿಸಲಾರ. ಗುಂಪನ್ನು, ವೇಗವನ್ನು, ಒಂದು ಪಟ್ಟಣ ಅರ್ಧ ಗಂಟೆಯಲ್ಲಿ ಮುರಿದು ಬೀಳುವುದನ್ನು ಕಾಣಿಸುವುದರಲ್ಲಿ ದೊಡ್ಡ ಚಿತ್ರಕ್ಕೆ ಸಮಾನವಿಲ್ಲ. ವಿಚಿತ್ರವೆಂದರೆ ಆ ಚಿತ್ರದ ಕೊನೆಯ ಭಾಗ ಸರಿಬರಲಿಲ್ಲವೆಂದು ಮತ್ತೆ ಬರೆದು, ಮತ್ತೆ ಚಿತ್ರಿಸಬೇಕಾಯಿತು. ಹಾಗೆ ಹೊಸದಾಗಿ ಮಾಡಿದ ಕೊನೆಯಲ್ಲಿ ಗುಂಪೇ ಇಲ್ಲ. ಒಂದು ಆಸ್ಪತ್ರೆಯಂಥ ಕಟ್ಟಡ, ಕೆಲವೇ ಹೆಣಗಳು, ಸದ್ದು ಮಾಡದೆ ನಡೆಯಬೇಕಾದ ಒಬ್ಬ ಮನುಷ್ಯ. ನನಗೆ ಹೆಚ್ಚು ಭಯವಾದದ್ದು ಅಲ್ಲಿ. ಸಾವಿರ ಹೆಣ ಮಾಡದ ಕೆಲಸವನ್ನು ಹಲ್ಲು ಕಡಿಯುವ ಒಂದು ಹೆಣ ಮಾಡಿತು.

ನಮ್ಮ ಪಂಪ ರನ್ನರನ್ನು ಓದಿ ಬಂದವನಿಗೆ ಇಲ್ಲಿ ಹೋಲಿಕೆ ಬಾರದೆ ಇರದು. 'ಗದಾಯುದ್ಧ'ದಲ್ಲಿ ದುರ್ಯೋಧನನು ಸಂಜಯನೊಡನೆ ಹೆಣಗಳ ಬಯಲನ್ನು ದಾಟಿಕೊಂಡು ಹೋಗುತ್ತಾನೆ. ಕೋಟಿ ವೆಚ್ಚದ ಚಿತ್ರಕ್ಕೂ ಮೀರಿದ ರಣರಂಗ ಅದು. ಅಲ್ಲಿ ಮರುಳುಗಳೂ ಇವೆ, ಅರಸನನ್ನು ಮಾತಿನಿಂದ ಚುಚ್ಚುತ್ತವೆ. ಆದರೆ ರನ್ನನು ನಮ್ಮನ್ನು ನಿಲ್ಲಿಸುವುದು ರಾಶಿಯ ಮುಂದೆ ಅಲ್ಲ. ದ್ರೋಣನ ಮುಂದೆ, ಅಭಿಮನ್ಯುವಿನ ಮುಂದೆ, ದುಶ್ಶಾಸನನ ಮುಂದೆ, ಕರ್ಣನ ಮುಂದೆ. ಒಬ್ಬೊಬ್ಬರ ಬಳಿಯೂ ಕಾಲು ನಿಲ್ಲುತ್ತದೆ, ಒಬ್ಬೊಬ್ಬರಿಗೂ ಬೇರೆ ಮಾತು. ಶತ್ರುವಿನ ಮಗನಾದ ಅಭಿಮನ್ಯುವನ್ನು ಕಂಡಾಗಲೂ ಕುರುರಾಜನ ಕೈ ತಾನಾಗಿ ಮುಗಿಯುತ್ತದೆ. ಪಾಠ ಹೇಳುವಾಗ ತರಗತಿ ತಾನೇ ಮೌನವಾಗುವ ಸ್ಥಳ ಇದು. ಎಷ್ಟು ವರ್ಷ ಹೇಳಿದರೂ ನನಗೆ ಬೇಸರ ಬಂದುದಿಲ್ಲ.

ಇದೆಲ್ಲ ಬರಿಯ ಕಾವ್ಯದ ವಿಚಾರವಾಗಿದ್ದರೆ ನಿಮ್ಮ ಹೊತ್ತನ್ನು ನಾನು ಇಷ್ಟು ತೆಗೆದುಕೊಳ್ಳುತ್ತಿರಲಿಲ್ಲ. 2020ರ ಏಪ್ರಿಲ್ ತಿಂಗಳನ್ನು ನೆನೆಯಿರಿ. ಸೋಂಕಿನಿಂದ ತೀರಿಕೊಂಡ ಬಂಟ್ವಾಳದ ಒಬ್ಬ ವೃದ್ಧೆಯ ಶವವನ್ನು ಮಂಗಳೂರಿನಲ್ಲಿ ಸುಡಲು ಒಯ್ದಾಗ, ಅಲ್ಲಿನ ಜನ ಇಲ್ಲಿ ಬೇಡವೆಂದರು. ಬೇರೆ ಕಡೆಗೆ ಒಯ್ದರೆ ಅಲ್ಲಿಯೂ ಬೇಡವೆಂದರು. ಕೊನೆಗೆ ಬಂಟ್ವಾಳದ ಕೈಕುಂಜೆಯಲ್ಲಿ, ರಾತ್ರಿಯಲ್ಲಿ, ಪೋಲೀಸರ ಕಾವಲಿನಲ್ಲಿ ದಹನವಾಯಿತು. ಅಡ್ಡ ನಿಂತವರು ಕೆಟ್ಟವರೆಂದು ನಾನು ಹೇಳಲಾರೆ, ಹೆದರಿದವರು. ಚಿತೆಯ ಹೊಗೆಯಿಂದ ರೋಗ ಹರಡುತ್ತದೆಂದು ಯಾರೋ ಹೇಳಿದ್ದರು, ಅದು ಸುಳ್ಳಾಗಿತ್ತು. ಆದರೆ ಆ ರಾತ್ರಿ ಜನರ ಕಣ್ಣಿಗೆ ಬಿದ್ದದ್ದು ಯಾರದೋ ತಾಯಿಯಲ್ಲ, ಒಂದು ಸೋಂಕು. ಸತ್ತವರಿಗೆ ಎಲೆ ಹಾಕಿ ಬಡಿಸುವ ಜಿಲ್ಲೆಯಲ್ಲಿ ಇದು ನಡೆಯಿತು.

ಜೊಂಬಿಯ ಚಿತ್ರಗಳು ಕಣ್ಣಿಗೆ ಮಾಡಿಸುವ ಅಭ್ಯಾಸ ಇದೇ ಎಂಬುದು ನನ್ನ ಅಂಜಿಕೆ. ಕಚ್ಚಿಸಿಕೊಂಡವನು ಮರುಕ್ಷಣದಲ್ಲಿ ನೆರೆಯವನಲ್ಲ, ಗುರಿ. ಅವನಿಗೆ ಗುಂಡು ಹೊಡೆದರೆ ಪಾಪವಿಲ್ಲ. ಹೊಡೆದವನಿಗೆ ಸಭೆಯಲ್ಲಿ ಚಪ್ಪಾಳೆ. ಎಲ್ಲ ಚಿತ್ರಗಳೂ ಹಾಗಿಲ್ಲವೆಂಬುದನ್ನೂ ಹೇಳಬೇಕು. 2016ರ ಕೊರಿಯದ 'ಟ್ರೈನ್ ಟು ಬುಸಾನ್' ಎಂಬ ಚಿತ್ರದಲ್ಲಿ ಬದುಕಿ ಉಳಿದ ಕೆಲವರು ರೈಲಿನ ಒಂದು ಬೋಗಿಯಿಂದ ಇನ್ನೊಂದಕ್ಕೆ ಹೆಣಗಳ ನಡುವೆ ಹಾದು ಬರುತ್ತಾರೆ. ಅಲ್ಲಿ ಸುರಕ್ಷಿತವಾಗಿ ಕುಳಿತ ಪ್ರಯಾಣಿಕರು ಬಾಗಿಲು ತೆರೆಯುವುದಿಲ್ಲ. ಆ ಬಾಗಿಲಿನ ದೃಶ್ಯ ನೋಡುವಾಗ ನನಗೆ ಶ್ಮಶಾನದ ಗೇಟು ಕಂಡಿತು. ಹೆಣಗಳು ಆ ಚಿತ್ರದಲ್ಲಿ ನೆಪ. ನಿರ್ದೇಶಕನು ಪರೀಕ್ಷಿಸುತ್ತಿರುವುದು ಬದುಕಿದ್ದವರನ್ನು. ನಮ್ಮಲ್ಲಿ 2013ರ 'ಗೋ ಗೋವಾ ಗಾನ್' ಜೊಂಬಿಯನ್ನು ತಮಾಷೆ ಮಾಡಿತು; 2016ರ ತಮಿಳಿನ 'ಮಿರುದನ್', 2021ರ ತೆಲುಗಿನ 'ಜೊಂಬಿ ರೆಡ್ಡಿ' ಬಂದುವು. ಕನ್ನಡದಲ್ಲಿ ಈ ಬಗೆಯದನ್ನು ಮಾಡಹೊರಟವರು ಹಾಲಿವುಡ್ಡಿನ ಗೋಡೆ ಹತ್ತುವ ಮೊದಲು ಆ ರೈಲಿನ ಬಾಗಿಲನ್ನು ನೋಡಿಕೊಳ್ಳಲಿ.

ಪುತ್ತೂರಿನಲ್ಲಿ ಬಹುಕಾಲ ಬಾಳಿದ ಶಿವರಾಮ ಕಾರಂತರು ಮೂಕಿ ಚಿತ್ರಗಳ ಕಾಲದಲ್ಲಿ ತಾವೇ ಚಿತ್ರ ಮಾಡಿದ್ದರೆಂಬುದು ಇಂದಿನ ಹುಡುಗರಿಗೆ ಗೊತ್ತಿಲ್ಲ. 1930ರಲ್ಲಿ 'ಡೊಮಿಂಗೊ', 1931ರಲ್ಲಿ 'ಭೂತರಾಜ್ಯ'. ತೊಂಬತ್ತು ವರ್ಷಗಳ ಹಿಂದೆಯೇ ಈ ನೆಲದವರೊಬ್ಬರಿಗೆ ಭೂತವನ್ನು ತೆರೆಯ ಮೇಲೆ ತರುವ ಮನಸ್ಸಾಗಿತ್ತು. ತೊಂಬತ್ತರ ದಶಕದ ಆರಂಭದಲ್ಲಿ ಸದಾನಂದ ಸುವರ್ಣರ 'ಗುಡ್ಡದ ಭೂತ' ದೂರದರ್ಶನದಲ್ಲಿ ಬಂದಾಗ, ಅದರ ಹಾಡು ಕೇಳಿಸಿದರೆ ಮಕ್ಕಳು ಹಾಸಿಗೆಯೊಳಗೆ ಹೊಕ್ಕುತ್ತಿದ್ದರು. ಅದಕ್ಕೆ ತಗಲಿದ ಖರ್ಚು ರಕ್ಕಮ್ಮನ ಕುಣಿತದ ಉಡುಪಿನಷ್ಟೂ ಇರಲಾರದೆಂದು ತಮಾಷೆಗೆ ಹೇಳಿಕೊಳ್ಳಬಹುದು.

ಚಿತ್ರ ಮಾಡುವವರು ನಿಜವಾಗಿ ಸತ್ತವರ ಕಥೆ ಬೇಕೆಂದರೆ ಈ ಸೀಮೆಯಲ್ಲಿ ಹುಡುಕಬೇಕಾಗಿಲ್ಲ, ಪತ್ರಿಕೆ ತೆರೆದರೆ ಸಾಕು. 2024ರ ಮೇ ತಿಂಗಳಲ್ಲಿ ಪುತ್ತೂರಿನ ಒಂದು ಕುಟುಂಬ ಪತ್ರಿಕೆಯಲ್ಲಿ ಒಂದು ಜಾಹೀರಾತು ಕೊಟ್ಟಿತ್ತು. ಮೂವತ್ತು ವರ್ಷಗಳ ಹಿಂದೆ ಎಳವೆಯಲ್ಲೇ ತೀರಿಹೋದ ಮಗಳಿಗೆ, ಅಷ್ಟೇ ಕಾಲದ ಹಿಂದೆ ತೀರಿಹೋದ ವರ ಬೇಕಾಗಿದ್ದಾನೆ ಎಂದು. ಪಟ್ಟಣಗಳ ಜನ ಅದನ್ನು ಓದಿ ನಕ್ಕರು. ನಮಗೆ ಅದರಲ್ಲಿ ನಗುವಂಥದೇನೂ ಕಾಣಲಿಲ್ಲ. ಕುಲೆ ಮದಿಮೆ, ಪ್ರೇತದ ಮದುವೆ, ಇಲ್ಲಿ ನಡೆಯುತ್ತಲೇ ಬಂದಿದೆ. ಬದುಕಿದ್ದರೆ ಈಗ ಮದುವೆಯ ಪ್ರಾಯ ಎಂದು ಲೆಕ್ಕ ಹಾಕುತ್ತಾರೆ. ಎರಡು ಕಡೆಯವರೂ ಮಾತಾಡಿ ನಿಶ್ಚಯ ಮಾಡುತ್ತಾರೆ. ವಧೂವರರ ಜಾಗದಲ್ಲಿ ಸೀರೆ ಪಂಚೆಗಳನ್ನು ಇಡುತ್ತಾರೆ. ಧಾರೆಸೀರೆಯನ್ನು ಗಂಡಿನ ಕಡೆಯವರು ತಂದು ಕೊಟ್ಟಮೇಲೆ, ಮದುಮಗಳು ಅದನ್ನು ಉಡುವುದಕ್ಕೆಂದು ಸ್ವಲ್ಪ ಹೊತ್ತು ಬಿಡುತ್ತಾರೆ. ಎಲ್ಲರೂ ಸುಮ್ಮನೆ ಕಾಯುತ್ತಾರೆ. ಆಮೇಲೆ ದಿಬ್ಬಣ, ಧಾರೆ, ಊಟ. ಆ ಕಾಯುವ ಹೊತ್ತನ್ನು ಯಾವ ಕ್ಯಾಮರಾವೂ ಇದುವರೆಗೆ ನಿಧಾನವಾಗಿ ನೋಡಿಲ್ಲ. ಅಲ್ಲಿ ಖಾಲಿಯಾದ ಒಂದು ಮಣೆಯಿದೆ, ಅದರ ಮೇಲೆ ಒಂದು ಹೊಸ ಸೀರೆಯಿದೆ, ಸುತ್ತಲೂ ಈಗ ಮುದಿಯಾದ ತಾಯಿತಂದೆಗಳಿದ್ದಾರೆ. ಇದಕ್ಕೆ 95 ಕೋಟಿ ಬೇಡ.

ಈ ಭಾಷಣವನ್ನು ಬರೆಯುವುದಕ್ಕೆ ಮುಂಚೆ ನನ್ನ ತರಗತಿಯ ಮಕ್ಕಳಿಗೆ ಒಂದು ಕೆಲಸ ಹೇಳಿದ್ದೆ. ನಿಮ್ಮ ಮನೆಯಲ್ಲಿ ಆಟಿಯಲ್ಲಿ ಯಾರು ಯಾರಿಗೆ ಬಡಿಸುತ್ತಾರೆ, ಕೇಳಿಕೊಂಡು ಬರೆಯಿರಿ ಎಂದು. ಬೇರೆ ಬೇರೆ ಮತದ, ಬೇರೆ ಬೇರೆ ಪದ್ಧತಿಯ ಮಕ್ಕಳು. ಬಡಿಸುವ ಸಂಪ್ರದಾಯ ಇಲ್ಲದವರು ತಮ್ಮಲ್ಲಿ ಸತ್ತವರನ್ನು ಹೇಗೆ ನೆನೆಯುತ್ತಾರೆಂದು ಬರೆದರು. ಜೊಂಬಿಯ ಪ್ರಶ್ನೆ ಕೇಳಿದ ಹುಡುಗ ಎರಡು ಪುಟ ತುಂಬಿಸಿದ್ದ. ಅವನ ಮುತ್ತಜ್ಜ ಕುಮಾರಧಾರೆಯ ನೆರೆಯಲ್ಲಿ ಹೋದವರಂತೆ, ಅವರಿಗೆ ಒಣಮೀನಿನ ಚಟ್ನಿ ಇಲ್ಲದೆ ಎಲೆ ಹಾಕುವುದಿಲ್ಲವಂತೆ. ಕಡಬದ ಕಡೆಯಿಂದ ಬರುವ ಒಬ್ಬ ಹುಡುಗಿ ನಾಲ್ಕೇ ಸಾಲು ಬರೆದಿದ್ದಳು. ನಮ್ಮಲ್ಲಿ ಐದು ಎಲೆ ಹಾಕುತ್ತೇವೆ, ನಾಲ್ಕರ ಹೆಸರು ಅಜ್ಜಿಗೆ ಗೊತ್ತು. ಐದನೆಯದು ಒಂದು ಸಣ್ಣ ಮಗುವಿನದಂತೆ, ಅದರ ಹೆಸರು ಅಜ್ಜಿಯ ಅತ್ತೆಗೂ ಗೊತ್ತಿರಲಿಲ್ಲವಂತೆ. ಅದಕ್ಕೆ ಸ್ವಲ್ಪ ಸಣ್ಣ ಎಲೆ ಹಾಕುವುದು, ಬೆಲ್ಲ ಜಾಸ್ತಿ ಬಡಿಸುವುದು.